ಬಿಳಿ ಹೂವಿನ ಚಿತ್ರಮೂಲ: ಸುಡುವ ಬೇರು ಮದ್ದಾಗುವುದು ಹೇಗೆ?

ಚಿತ್ರಮೂಲದ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಮೆಸೇಜುಗಳನ್ನು ನೋಡಿದ್ದೀರಾ? "ಬೇರು ತೇಯ್ದು ಹಚ್ಚಿ, ಗಜಕರ್ಣ ಮಾಯ." "ಪುಡಿ ಮಾಡಿ ಮಜ್ಜಿಗೆಯಲ್ಲಿ ಕುಡಿಯಿರಿ, ಮೂಲವ್ಯಾಧಿ ಹೋಗುತ್ತದೆ." "ತೊನ್ನಿಗೆ ರಾಮಬಾಣ." ಇದೆಲ್ಲ ಪೂರ್ತಿ ಕಟ್ಟುಕತೆ ಏನಲ್ಲ. ಈ ರೋಗಗಳಿಗೆ ಈ ಬೇರನ್ನು ಹಿಂದಿನಿಂದಲೂ ಬಳಸಿದ್ದಾರೆ. ಆದರೆ ಮೆಸೇಜಿನಲ್ಲಿ ಯಾವ ರೋಗಕ್ಕೆ ಅನ್ನೋದು ಮಾತ್ರ ಉಳಿದಿದೆ. ಹಸಿ ಬೇರೋ ಒಣಗಿದ್ದೋ, ಎಷ್ಟು, ಯಾವುದರಲ್ಲಿ ನೆನೆಸಿದ್ದು, ಯಾರು ಮುಟ್ಟಲೇಬಾರದು ಅನ್ನೋದು ಎಲ್ಲೋ ಉದುರಿಹೋಗಿದೆ. ಈ ಗಿಡದ ಮಟ್ಟಿಗೆ ಉದುರಿಹೋದದ್ದೇ ನಿಜವಾದ ವೈದ್ಯವಿದ್ಯೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಗಿಡ ಯಾವುದು ಅಂತ ನೋಡೋಣ. ಬೆಳಗಾವಿಯಿಂದ ಖಾನಾಪುರ ದಾಟಿ ಲೋಂಡಾ ಕಡೆ, ಇಲ್ಲವೇ ಜಾಂಬೋಟಿ ಮೇಲಿಂದ ಕಣಕುಂಬಿ ಕಡೆ ಹೊರಟರೆ ಕಾಡಿನ ಅಂಚು ಶುರುವಾಗುತ್ತದೆ. ಮಳೆ ಮುಗಿದು, ರಸ್ತೆ ಬದಿಯ ಹುಲ್ಲು ಒಣಗಿ ಹಳದಿಯಾದ ಮೇಲೂ ಮರದ ನೆರಳಲ್ಲಿ, ಕಂಟಿಗಳ ಮಧ್ಯೆ ಹಸಿರಾಗಿಯೇ ಉಳಿಯುವ ಗಿಡಗಳಲ್ಲಿ ಇದೂ ಒಂದು. ಎತ್ತರ ಒಂದರಿಂದ ಎರಡು ಮೀಟರ್. ಟೊಂಗೆಗಳು ಸಣಕಲು, ತಾವಾಗಿ ನೆಟ್ಟಗೆ ನಿಲ್ಲುವುದಿಲ್ಲ, ಪಕ್ಕದ ಕಂಟಿಗೆ ಒರಗಿಕೊಂಡು ಹಬ್ಬುತ್ತವೆ. ಎಲೆ ಮೊಟ್ಟೆಯಾಕಾರ, ತುದಿ ಚೂಪು, ಎಲೆಯ ತೊಟ್ಟು ಬುಡದಲ್ಲಿ ಕಾಂಡವನ್ನು ಅಪ್ಪಿಕೊಂಡಂತೆ ಇರುತ್ತದೆ. ಟೊಂಗೆಯ ತುದಿಗೆ ತೆನೆಯ ಹಾಗೆ ಬಿಳಿ ಹೂಗಳು. ಪ್ರತಿ ಹೂವಿಗೂ ಸುಮಾರು ಎರಡು ಸೆಂಟಿಮೀಟರ್ ಉದ್ದದ ಸಪೂರ ಕೊಳವೆ, ಅದರ ಬಾಯಿಗೆ ಐದು ಎಸಳು.

ಗುರುತು ಖಾತ್ರಿ ಮಾಡಿಕೊಳ್ಳಲು ಸುಲಭದ ದಾರಿ ಎಂದರೆ ಹೂವಿನ ಕೆಳಗಿನ ಹಸಿರು ಬಟ್ಟಲನ್ನು ನೋಡುವುದು. ಅದರ ಮೈತುಂಬ ಸಣ್ಣ ಸಣ್ಣ ಕೂದಲು, ಪ್ರತಿ ಕೂದಲ ತುದಿಗೂ ಅಂಟು. ಬೀಜ ಬಲಿತ ಮೇಲೆ ಆ ಬಟ್ಟಲು ಬೀಜದ ಸಮೇತ ಆಡಿನ ಮೈಗೋ ನಿಮ್ಮ ಪ್ಯಾಂಟಿಗೋ ಅಂಟಿಕೊಂಡು ಇನ್ನೊಂದು ಕಡೆ ಹೋಗಿ ಬೀಳುತ್ತದೆ. ಗಿಡ ಊರೂರು ಸುತ್ತುವುದು ಹೀಗೆ.

ಈ ಅಂಟಿನಲ್ಲಿ ಸಣ್ಣ ಹುಳಗಳೂ ಸಿಕ್ಕಿಬಿದ್ದು ಸಾಯುತ್ತವೆ. ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ಜಂಬಿಟ್ಟಿಗೆ ಬಯಲುಗಳಲ್ಲಿ ನೆಲಕ್ಕೆ ಅಂಟಿಕೊಂಡು ಬೆಳೆಯುವ ಡ್ರೋಸೆರಾ ಇದೆಯಲ್ಲ, ಹುಳ ಹಿಡಿದು ತಿನ್ನುವ ಗಿಡ, ಅದು ಚಿತ್ರಮೂಲಕ್ಕೆ ದೂರದ ಸಂಬಂಧಿ. ಅಷ್ಟೇ ಅಲ್ಲ, ಚಿತ್ರಮೂಲದ ಬೇರಿನಲ್ಲಿರುವ ಸುಡುವ ವಸ್ತು ಡ್ರೋಸೆರಾ ಜಾತಿಯ ಹಲವು ಗಿಡಗಳಲ್ಲೂ ಸಿಗುತ್ತದೆ. ಹಾಗಂತ ಚಿತ್ರಮೂಲ ಮಾಂಸಾಹಾರಿ ಅಂತ ಹೇಳುವಂತಿಲ್ಲ. ಆದರೆ ಆ ಮನೆತನದ್ದು ಅನ್ನೋದು ಮಾತ್ರ ನೋಡಿದರೆ ಗೊತ್ತಾಗುತ್ತದೆ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಪ್ಲಂಬಾಗೊ ಝೆಲಾನಿಕಾ, 1753ರಲ್ಲಿ ಲಿನೇಯಸ್ ಇಟ್ಟದ್ದು. ಮರಾಠಿ ಮಾತಾಡುವವರು ಚಿತ್ರಕ ಅನ್ನುತ್ತಾರೆ, ಸಂಸ್ಕೃತದ ವೈದ್ಯ ಗ್ರಂಥಗಳಲ್ಲೂ ಅದೇ ಹೆಸರು. ಇದು ಮಲೆನಾಡಿನ ಸೆರಗಿಗೆ ಮಾತ್ರ ಸೇರಿದ ಗಿಡವೂ ಅಲ್ಲ. ಬಯಲುಸೀಮೆಯಲ್ಲಿ ಬೇಲಿ ಸಾಲು, ಹಳ್ಳದ ದಂಡೆ, ಸ್ವಲ್ಪ ನೆರಳು ಮತ್ತು ತೇವ ಸಿಗುವ ಕಡೆ ಬೆಳೆಯುತ್ತದೆ. ಆದರೆ ವಿಜಯಪುರ, ಬಾಗಲಕೋಟೆ ಕಡೆಯ ಎಷ್ಟೋ ಜನ ಗಿಡ ನೋಡಿರುವುದಿಲ್ಲ, ಬೇರು ಮಾತ್ರ ನೋಡಿರುತ್ತಾರೆ. ಸಂತೆಯಲ್ಲಿ ಗಿಡಮೂಲಿಕೆ ಹರವಿಕೊಂಡು ಕೂತವರ ಹತ್ತಿರ, ಕೆಂಪು ಮಿಶ್ರಿತ ಕಂದು ಬಣ್ಣದ ಒಣ ತುಂಡುಗಳಾಗಿ.

ಬಣ್ಣದ ಗೊಂದಲವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಕೆಂಪು ಹೂವಿನ ಚಿತ್ರಮೂಲ ಬೇರೆ ಜಾತಿ, ಬಿಳಿಯದಕ್ಕಿಂತ ಅದರ ಬೇರು ಜಾಸ್ತಿ ಉಗ್ರ. ಕೇರಳದ ವೈದ್ಯರು ಹೆಚ್ಚಾಗಿ ಅದನ್ನೇ ಬಳಸುತ್ತಾರೆ. ಬಂಗಲೆಗಳ ಕಾಂಪೌಂಡಿಗೆ ಅಂದಕ್ಕೆ ಅಂತ ಹಚ್ಚುವ ತಿಳಿನೀಲಿ ಹೂವಿನದು ದಕ್ಷಿಣ ಆಫ್ರಿಕಾದಿಂದ ಬಂದ ತೋಟದ ಗಿಡ. ಒಂದೇ ಕುಲದ ಗಿಡ ಅಂತ ಮೂರನ್ನೂ ಒಂದೇ ಲೆಕ್ಕಕ್ಕೆ ಹಿಡಿಯಬೇಡಿ. ಈ ಲೇಖನ ಬಿಳಿಯದರ ಬಗ್ಗೆ.

ಬೇರು ಸುಡುವುದು ಯಾಕೆ?

ಹಸಿ ಬೇರನ್ನು ಜಜ್ಜಿ ಚರ್ಮದ ಮೇಲೆ ಕಟ್ಟಿದರೆ ಮೊದಲು ಉರಿ, ಆಮೇಲೆ ಕೆಂಪು, ಆಮೇಲೆ ನೀರು ತುಂಬಿದ ಬೊಕ್ಕೆ. ಇದಕ್ಕೆ ಕಾರಣ ಪ್ಲಂಬಾಜಿನ್ ಎಂಬ ಒಂದು ವಸ್ತು. ಬೇರಿನಿಂದ ಬೇರ್ಪಡಿಸಿದರೆ ಹಳದಿ-ಕಿತ್ತಳೆ ಬಣ್ಣದ ಸೂಜಿಯಂಥ ಹರಳುಗಳಾಗಿ ಸಿಗುತ್ತದೆ. ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಎಣ್ಣೆ ಮತ್ತು ಸ್ಪಿರಿಟ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಕುದಿಸಿದರೆ ಹಬೆಯ ಜೊತೆ ಹಾರಿಹೋಗುತ್ತದೆ. ಈ ಮೂರು ಗುಣ ನೆನಪಿಡಿ, ಮುಂದೆ ಬೇಕಾಗುತ್ತವೆ.

ರಸಾಯನಶಾಸ್ತ್ರದವರು ಇದನ್ನು ನಾಫ್ಥೊಕ್ವಿನೋನ್ ಎಂಬ ಗುಂಪಿಗೆ ಸೇರಿಸುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ, ಈ ಗುಂಪಿನ ಇನ್ನೊಂದು ವಸ್ತು ನಿಮ್ಮ ಮನೆಯ ಮದುವೆಗೆ ಬಂದುಹೋಗಿದೆ. ಮದರಂಗಿಗೆ ಬಣ್ಣ ಕೊಡುವ ಲಾಸೋನ್ ಇದೇ ಗುಂಪಿನದು. ಲಾಸೋನ್ ಚರ್ಮದ ಮೇಲ್ಪದರದ ಪ್ರೋಟೀನಿಗೆ ಅಂಟಿಕೊಂಡು, ಕೆಂಪು ಬಣ್ಣ ಕೊಟ್ಟು ಸುಮ್ಮನಾಗುತ್ತದೆ. ಪ್ಲಂಬಾಜಿನ್ ಸುಮ್ಮನಾಗುವುದಿಲ್ಲ. ಅದು ಜೀವಕೋಶದೊಳಗೆ ಹೊಕ್ಕು ಎರಡು ಕೆಲಸ ಒಟ್ಟಿಗೇ ಮಾಡುತ್ತದೆ. ಒಂದು, ಆಮ್ಲಜನಕವನ್ನು ಕೆಣಕಿ ಅದರಿಂದ ತೀವ್ರವಾಗಿ ವರ್ತಿಸುವ, ಎದುರಿಗೆ ಸಿಕ್ಕಿದ್ದನ್ನು ಹಾಳುಮಾಡುವ ಕಣಗಳನ್ನು ಹುಟ್ಟಿಸುತ್ತದೆ. ಇನ್ನೊಂದು, ಅಂಥ ಕಣಗಳನ್ನು ತಣ್ಣಗಾಗಿಸಲು ಜೀವಕೋಶ ಇಟ್ಟುಕೊಂಡಿರುವ ಗ್ಲುಟಾಥಯೋನ್ ಎಂಬ ರಕ್ಷಕವನ್ನೇ ಖಾಲಿ ಮಾಡುತ್ತದೆ. ಬೆಂಕಿ ಹಚ್ಚಿ, ಜೊತೆಗೆ ಬಾವಿಯ ಹಗ್ಗವನ್ನೂ ಕತ್ತರಿಸಿದ ಹಾಗೆ. ಸ್ವಲ್ಪ ಪ್ರಮಾಣದಲ್ಲಾದರೆ ಜೀವಕೋಶ ತಡೆದುಕೊಳ್ಳುತ್ತದೆ. ಪ್ರಮಾಣ ಹೆಚ್ಚಾದರೆ ಸಾಯುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಸಾಯುವುದು ಯಾರ ಜೀವಕೋಶ ಅನ್ನೋದಕ್ಕೆ ಪ್ಲಂಬಾಜಿನ್ ತಲೆಕೆಡಿಸಿಕೊಳ್ಳುವುದಿಲ್ಲ. ಗಜಕರ್ಣದ ಬೂಷ್ಟು, ಬ್ಯಾಕ್ಟೀರಿಯಾ, ಹುಳ, ನಿಮ್ಮ ಚರ್ಮ, ಹೊಟ್ಟೆಯ ಒಳಪದರ, ಎಲ್ಲವೂ ಅದಕ್ಕೆ ಒಂದೇ. "ಇದು ಬೂಷ್ಟನ್ನು ಕೊಲ್ಲುತ್ತದೆ" ಅನ್ನುವ ಮಾತು ನಿಜವಾದಷ್ಟೇ "ಇದು ಚರ್ಮವನ್ನೂ ಸುಡುತ್ತದೆ" ಅನ್ನುವುದೂ ನಿಜ, ಎರಡೂ ಒಂದೇ ಕಾರಣದಿಂದ. ಮದ್ದಿನ ಗುಣ ಬೇರೆ, ವಿಷದ ಗುಣ ಬೇರೆ ಅಂತ ಇಲ್ಲಿ ಬಿಡಿಸಿ ಇಡಲು ಬರುವುದಿಲ್ಲ.

ಗಿಡಕ್ಕೆ ಇದರಿಂದ ಏನು ಲಾಭ? ತನ್ನನ್ನು ತಿನ್ನಲು ಬರುವವರಿಂದ ರಕ್ಷಣೆ. ಹುಳಗಳು ಪೊರೆ ಕಳಚುವುದಕ್ಕೂ ಪ್ಲಂಬಾಜಿನ್ ಅಡ್ಡಿಮಾಡುತ್ತದೆ ಅಂತ ಪ್ರಯೋಗಗಳಲ್ಲಿ ಕಂಡುಬಂದಿದೆ. ಇಷ್ಟೆಲ್ಲ ಇದ್ದರೂ ರೆಕ್ಕೆಯ ಕೆಳಭಾಗಕ್ಕೆ ಪಟ್ಟೆಪಟ್ಟೆ ಇರುವ ಜೀಬ್ರಾ ಬ್ಲೂ ಎಂಬ ಪುಟ್ಟ ಚಿಟ್ಟೆ ಬಂದು ಇದೇ ಗಿಡದ ಮೇಲೆ ಮೊಟ್ಟೆ ಇಡುತ್ತದೆ, ಅದರ ಮರಿಹುಳಗಳು ಇದರ ಮೊಗ್ಗು-ಹೂವನ್ನೇ ತಿಂದು ಬೆಳೆಯುತ್ತವೆ. ಜಗತ್ತಿನಲ್ಲಿ ಎಲ್ಲ ಬೀಗಕ್ಕೂ ಯಾರದೋ ಹತ್ತಿರ ಕೀಲಿ ಇದ್ದೇ ಇರುತ್ತದೆ ಬಿಡಿ.

ಹೊಟ್ಟೆಗೆ ಕೊಡುವಾಗ

ಆಯುರ್ವೇದದಲ್ಲಿ ಚಿತ್ರಮೂಲದ ಮೊದಲ ಕೆಲಸ ಚರ್ಮಕ್ಕಲ್ಲ, ಹೊಟ್ಟೆಗೆ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಯಾವ ಕೆಲಸಕ್ಕೆ ಯಾವುದು ಅತ್ಯುತ್ತಮ ಅಂತ ಒಂದು ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ಹಸಿವು ಹೆಚ್ಚಿಸಲು, ಅಜೀರ್ಣ ಕಳೆಯಲು, ಗುದದ ಬಾವು, ಮೂಲವ್ಯಾಧಿ ಮತ್ತು ಶೂಲೆಗೆ ಚಿತ್ರಮೂಲವೇ ಶ್ರೇಷ್ಠ ಅಂತ ಇದೆ. ಹಿಪ್ಪಲಿ, ಹಿಪ್ಪಲಿ ಬೇರು, ಚವ್ಯ, ಚಿತ್ರಮೂಲ, ಶುಂಠಿ, ಈ ಐದೂ ಸೇರಿದರೆ ಪಂಚಕೋಲ. ಇನ್ನು ಚಿತ್ರಕಾದಿ ವಟಿ ಅಂತ ಆಯುರ್ವೇದ ಅಂಗಡಿಗಳಲ್ಲಿ ಸಿಗುವ ಗುಳಿಗೆಯನ್ನು ಎಷ್ಟೋ ಜನ ನುಂಗಿರುತ್ತಾರೆ, ಅದರಲ್ಲಿ ಚಿತ್ರಮೂಲದ ಜೊತೆ ಶುಂಠಿ, ಮೆಣಸು, ಹಿಪ್ಪಲಿ, ಇಂಗು, ಕೆಲವು ಕ್ಷಾರ ಮತ್ತು ಐದು ಬಗೆಯ ಉಪ್ಪು ಇರುತ್ತವೆ.

ಈ ಪಟ್ಟಿಗಳನ್ನು ನೋಡಿದರೆ ಒಂದು ವಿಷಯ ಕಾಣುತ್ತದೆ. ಚಿತ್ರಮೂಲ ಎಲ್ಲೂ ಒಬ್ಬಂಟಿಯಾಗಿ, ಮುಷ್ಟಿ ತುಂಬ ಬರುವುದಿಲ್ಲ. ಖಾರದ ವಸ್ತುಗಳ ಗುಂಪಿನಲ್ಲಿ ಒಂದು ಪಾಲಾಗಿ ಬರುತ್ತದೆ. ಖಾರ ಅಂದರೆ ಏನು? ಬಾಯಿ, ಹೊಟ್ಟೆಯ ಒಳಪದರವನ್ನು ಸ್ವಲ್ಪ ಕೆರಳಿಸಿ ಜೊಲ್ಲು, ಜೀರ್ಣರಸ ಸುರಿಯುವಂತೆ ಮಾಡುವುದು. ಸವದತ್ತಿಯಿಂದ ಸಿಂದಗಿವರೆಗೆ ರಂಜಕ ಹಚ್ಚಿಕೊಂಡು ರೊಟ್ಟಿ ತಿನ್ನುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಚಿತ್ರಮೂಲ ಅದೇ ಕೆರಳಿಸುವಿಕೆಯನ್ನು ಇನ್ನೂ ತೀಕ್ಷ್ಣವಾಗಿ ಮಾಡುತ್ತದೆ, ಆದ್ದರಿಂದ ಮಂದವಾದ ಹೊಟ್ಟೆಗೆ ಚುರುಕು. ಆದರೆ ಹೊಟ್ಟೆಯಲ್ಲಿ ಈಗಾಗಲೇ ಹುಣ್ಣಿದ್ದರೆ, ಎದೆ ಉರಿಯಿದ್ದರೆ, ಅದೇ ಚುರುಕು ಗಾಯದ ಮೇಲೆ ಖಾರ ಸವರಿದಂತೆಯೇ. ಪಿತ್ತ ಪ್ರಕೃತಿಯವರಿಗೆ ಇದನ್ನು ಕೊಡುವಾಗ ವೈದ್ಯರು ಹಿಂದೆಮುಂದೆ ನೋಡುವುದು ಇದಕ್ಕೇ.

ಈಗ ಮಜ್ಜಿಗೆಯ ವಿಷಯಕ್ಕೆ ಬರೋಣ, ಯಾಕೆಂದರೆ ನನಗೆ ಬಹಳ ಇಷ್ಟವಾದ ಭಾಗ ಇದು. ಮೂಲವ್ಯಾಧಿಗೆ ಚಿತ್ರಮೂಲ ಮತ್ತು ಮಜ್ಜಿಗೆ ಅನ್ನೋ ಮಾತಿನ ಬೇರು ಚರಕನಲ್ಲೇ ಇದೆ. ಆದರೆ ಅಲ್ಲಿ ಹೇಳಿರುವ ವಿಧಾನ ಏನು ಗೊತ್ತಾ? ಚಿತ್ರಮೂಲದ ಬೇರಿನ ತೊಗಟೆಯನ್ನು ಅರೆದು ಮಡಕೆಯ ಒಳಗೆ ಬಳಿಯಬೇಕು. ಆ ಮಡಕೆಯಲ್ಲಿ ಮೊಸರು ಹೆಪ್ಪುಗಟ್ಟಿಸಿ, ಅದನ್ನೋ ಅದರ ಮಜ್ಜಿಗೆಯನ್ನೋ ಕುಡಿಯಬೇಕು. ಅಷ್ಟೇ. ಪುಡಿಯನ್ನು ಚಮಚದಲ್ಲಿ ತೆಗೆದು ಮಜ್ಜಿಗೆಗೆ ಕದಡಿ ಅಂತ ಈ ವಿಧಾನದಲ್ಲಿ ಇಲ್ಲ.

ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ. ಪ್ಲಂಬಾಜಿನ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ ಅಂದೆನಲ್ಲ, ಮಡಕೆಯ ಗೋಡೆಗೆ ಬಳಿದ ಲೇಪದಿಂದ ಮೊಸರಿಗೆ ಇಳಿಯುವುದು ಸ್ವಲ್ಪವೇ. ಬೇರಿನ ನಾರು, ಪುಡಿ ಹೊಟ್ಟೆಗೆ ಹೋಗುವುದೇ ಇಲ್ಲ. ಚಮಚ ಪುಡಿ ಕದಡಿ ಕುಡಿದರೆ ಬೇರಿನಲ್ಲಿದ್ದದ್ದೆಲ್ಲ ನೇರವಾಗಿ ಹೊಟ್ಟೆಯೊಳಗೆ. ಮಡಕೆ ಇಲ್ಲಿ ಪಾತ್ರೆ ಮಾತ್ರ ಅಲ್ಲ, ಪ್ರಮಾಣವನ್ನು ಹಿಡಿತದಲ್ಲಿಡುವ ಸಾಧನ. ಆ ಕಾಲದವರಿಗೆ ಪ್ಲಂಬಾಜಿನ್ ಗೊತ್ತಿರಲಿಲ್ಲ, ಆದರೆ ಬೇರಿನ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಮೆಸೇಜು ಬರೆದವನಿಗೆ ಮಡಕೆ ಬೇಡದ ವಿವರ ಅನ್ನಿಸಿ ಕೈಬಿಟ್ಟ, ಮದ್ದು ವಿಷಕ್ಕೆ ಹತ್ತಿರವಾಯಿತು.

ಮತ್ತೊಂದು ಮಾತು. ಮಲದ ಜೊತೆ ರಕ್ತ ಬಂದರೆ ಅದು ಮೂಲವ್ಯಾಧಿಯೇ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಗುದದ ಬಿರುಕು, ಪಾಲಿಪ್ (ಕರುಳಿನೊಳಗೆ ಬೆಳೆಯುವ ಸಣ್ಣ ಗಂಟು), ಕರುಳಿನ ಕ್ಯಾನ್ಸರ್, ಎಲ್ಲದರಲ್ಲೂ ರಕ್ತ ಬರಬಹುದು. ಡಾಕ್ಟರಿಗೆ ತೋರಿಸಲು ಸಂಕೋಚ ಪಟ್ಟು ಬೇರು ಹುಡುಕುತ್ತ ತಿಂಗಳುಗಟ್ಟಲೆ ಕಳೆಯುವವರು ನಮ್ಮ ಕಡೆ ಇನ್ನೂ ಇದ್ದಾರೆ.

ಸುಣ್ಣದ ತಿಳಿ

ಚಿತ್ರಮೂಲವನ್ನು ಔಷಧಕ್ಕೆ ಹಾಕುವ ಮುಂಚೆ ಶೋಧನೆ, ಅಂದರೆ ಉಗ್ರತೆ ತಗ್ಗಿಸುವ ಶುದ್ಧೀಕರಣ, ಮಾಡುವ ಪದ್ಧತಿ ಇದೆ. ಒಂದು ಭಾಗ ಸುಣ್ಣಕ್ಕೆ ಸುಮಾರು 240 ಭಾಗ ನೀರು ಹಾಕಿ, ಕಲಕಿ, ರಾತ್ರಿಯಿಡೀ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಸೋಸಿಕೊಳ್ಳುತ್ತಾರೆ. ಬೇರನ್ನು ತುಂಡು ಮಾಡಿ ಆ ತಿಳಿಯಲ್ಲಿ ನೆನೆಹಾಕಿ, ಆಮೇಲೆ ತೊಳೆದು ಒಣಗಿಸುತ್ತಾರೆ.

ನೆನೆಹಾಕಿದ ಸ್ವಲ್ಪ ಹೊತ್ತಿಗೆ ನೀರು ಕೆಂಪಗಾಗುತ್ತದೆ. ಇದು ಏನೋ ಪವಾಡ ಅಲ್ಲ. ಪ್ಲಂಬಾಜಿನ್‌ಗೆ ಸ್ವಲ್ಪ ಆಮ್ಲದ ಗುಣವಿದೆ. ಸುಣ್ಣದ ತಿಳಿ ಕ್ಷಾರ. ಎರಡೂ ಸೇರಿದಾಗ ಪ್ಲಂಬಾಜಿನ್ ಲವಣದ ರೂಪಕ್ಕೆ ತಿರುಗುತ್ತದೆ, ಬಣ್ಣ ಹಳದಿಯಿಂದ ಕೆಂಪಿಗೆ ಹೊರಳುತ್ತದೆ, ಬರೀ ನೀರಿನಲ್ಲಿ ಕರಗದಿದ್ದದ್ದು ಈಗ ಕರಗಿ ಹೊರಗೆ ಬರುತ್ತದೆ. ಅಂದರೆ ಕೆಂಪು ನೀರು ಚೆಲ್ಲಿದಾಗ ಸುಡುವ ಅಂಶದ ಒಂದು ಪಾಲು ಅದರ ಜೊತೆ ಹೋಗುತ್ತದೆ. ಶೋಧನೆಯ ಮುಂಚೆ ಮತ್ತು ಆಮೇಲೆ ಬೇರನ್ನು ಲ್ಯಾಬಿನಲ್ಲಿ ಅಳೆದು ನೋಡಿದಾಗ ಪ್ಲಂಬಾಜಿನ್ ಕಡಿಮೆಯಾಗಿರುವುದು ಕಂಡುಬಂದಿದೆ. ಪೂರ್ತಿ ಹೋಗುವುದಿಲ್ಲ, ಪೂರ್ತಿ ಹೋದರೆ ಔಷಧವೂ ಹೋದಂತೆಯೇ.

ಹಬೆಯಲ್ಲಿ ಹಾರುವ ಗುಣ ಹೇಳಿದ್ದೆನಲ್ಲ, ಅದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕಷಾಯ ಮಾಡಿ ತೆರೆದ ಪಾತ್ರೆಯಲ್ಲಿ ಕುದಿಸಿದರೆ ಒಂದಿಷ್ಟು ಪ್ಲಂಬಾಜಿನ್ ಗಾಳಿಗೆ ಹೋಗುತ್ತದೆ. ಎಣ್ಣೆಯಲ್ಲಿ ಕಾಯಿಸಿದರೆ ಎಣ್ಣೆಗೆ ಇಳಿಯುತ್ತದೆ. ಹಸಿ ಬೇರು ಎಲ್ಲಕ್ಕಿಂತ ಉಗ್ರ, ಹಳೆಯ ಒಣ ಬೇರು ಅದಕ್ಕಿಂತ ಸಪ್ಪೆ. ಹಾಗಾಗಿ "ಒಂದು ಗ್ರಾಂ ಚಿತ್ರಮೂಲ" ಅಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಬೇರು, ಯಾವಾಗ ಕಿತ್ತದ್ದು, ಬಿಳಿಯೋ ಕೆಂಪೋ, ಶೋಧನೆ ಆಗಿದೆಯೋ ಇಲ್ಲವೋ, ಇದರ ಮೇಲೆ ಆ ಒಂದು ಗ್ರಾಮಿನ ಅರ್ಥವೇ ಬದಲಾಗುತ್ತದೆ. ಈ ಲೇಖನದಲ್ಲಿ ನಾನು ಪ್ರಮಾಣ ಬರೆಯದಿರುವುದು ಇದಕ್ಕೇ. ಕಾಮೆಂಟಿನಲ್ಲಿ ಕೇಳಿದರೂ ಹೇಳುವುದಿಲ್ಲ.

ಚರ್ಮಕ್ಕೆ ಹಚ್ಚುವಾಗ

ಗಜಕರ್ಣಕ್ಕೆ, ಕೀಲುನೋವಿಗೆ, ಬಾವು ಒಡೆಯಲು, ತೊನ್ನಿಗೆ ಬೇರಿನ ಲೇಪ ಹಚ್ಚುವ ರೂಢಿ ದೇಶದ ಬಹಳ ಕಡೆ ಇದೆ. ಕೀಲಿನ ಮೇಲೆ ಹಚ್ಚುವುದರ ಹಿಂದಿನ ಲೆಕ್ಕಾಚಾರ ಸರಳ. ಚರ್ಮ ಉರಿದರೆ ಅಲ್ಲಿಗೆ ರಕ್ತ ನುಗ್ಗುತ್ತದೆ, ಒಳಗಿನ ನೋವು ಸ್ವಲ್ಪ ಹೊತ್ತು ಮರೆಯಾಗುತ್ತದೆ. ಅಂಗಡಿಯಲ್ಲಿ ಸಿಗುವ ನೋವಿನ ಬಾಮುಗಳಲ್ಲೂ ಉರಿ ಹುಟ್ಟಿಸುವ ವಸ್ತು ಇರುತ್ತದೆ. ಆದರೆ ಅಲ್ಲಿ ಉರಿ ಎಲ್ಲಿ ನಿಲ್ಲಬೇಕು ಅಂತ ಮೊದಲೇ ಅಳೆದಿಟ್ಟಿರುತ್ತಾರೆ. ಬೇರು ತೇಯ್ದವನಿಗೆ ಆ ಅಳತೆ ಇಲ್ಲ. ಉರಿ ಬಂದ ಕೂಡಲೇ "ಕೆಲಸ ಮಾಡ್ತಿದೆ" ಅಂತ ಹಲ್ಲು ಕಚ್ಚಿ ಕೂತರೆ ಬೆಳಗಾಗುವಷ್ಟರಲ್ಲಿ ಮೊಣಕಾಲಿನ ಮೇಲೆ ಬೊಕ್ಕೆ.

ಗಜಕರ್ಣದ ಬೂಷ್ಟನ್ನು ಪ್ಲಂಬಾಜಿನ್ ಲ್ಯಾಬಿನ ತಟ್ಟೆಯಲ್ಲಿ ಕೊಲ್ಲುತ್ತದೆ, ಅದು ನಿಜ. ತೊಡೆಸಂದಿಯ ಚರ್ಮ ಲ್ಯಾಬಿನ ತಟ್ಟೆಯಲ್ಲ. ಮೊದಲೇ ಕೆರೆದು ಕೆರೆದು ಹರಿದಿರುವ ತೆಳು ಚರ್ಮದ ಮೇಲೆ ಇದನ್ನು ಹಚ್ಚಿದರೆ ಬೂಷ್ಟಿನ ಜೊತೆ ಚರ್ಮವೂ ಹೋಗುತ್ತದೆ, ಆ ಗಾಯಕ್ಕೆ ಮತ್ತೆ ಬೇರೆ ಸೋಂಕು ತಗಲುತ್ತದೆ.

ತೊನ್ನಿನ ವಿಷಯ ಇನ್ನೂ ಸೂಕ್ಷ್ಮ. ಸುಟ್ಟ ಚರ್ಮ ಮಾಯುವಾಗ ಹಲವರಿಗೆ ಅಲ್ಲಿ ಕಪ್ಪು ಕಲೆ ಉಳಿಯುತ್ತದೆ. ಬಿಳಿ ಮಚ್ಚೆಯ ಮೇಲೆ ಬೇರು ಹಚ್ಚಿದಾಗ ಅಂಚಿನಲ್ಲಿ ಕಪ್ಪಾಗುವುದನ್ನು ನೋಡಿ "ಬಣ್ಣ ಬರ್ತಿದೆ" ಅಂತ ಜನ ನಂಬಿರಬಹುದು, ಈ ರೂಢಿ ಬೆಳೆದದ್ದು ಹೀಗೆ ಅಂತ ನನ್ನ ಊಹೆ. ಆದರೆ ತೊನ್ನಿರುವವರ ಚರ್ಮಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ಗೀರು, ಸುಟ್ಟಗಾಯ, ಉಜ್ಜುವಿಕೆ ಆದ ಜಾಗದಲ್ಲೇ ಹೊಸ ಬಿಳಿ ಮಚ್ಚೆ ಹುಟ್ಟಬಹುದು. ಚರ್ಮರೋಗ ತಜ್ಞರು ಇದನ್ನು ಕೋಬ್ನರ್ ಪರಿಣಾಮ ಅನ್ನುತ್ತಾರೆ. ಅಂದರೆ ಮಚ್ಚೆ ಹೋಗಲಿ ಅಂತ ಸುಟ್ಟುಕೊಂಡು ಇನ್ನೊಂದು ಮಚ್ಚೆಗೆ ದಾರಿ ಮಾಡಿದಂತೆ. ಮದುವೆಗೆ ಬಂದ ಮಗಳ ಕೈಮೇಲಿನ ಸಣ್ಣ ಮಚ್ಚೆಗೆ ಹೆದರಿ ಮನೆಯವರು ಇಂಥದ್ದಕ್ಕೆ ಕೈಹಾಕುತ್ತಾರೆ, ಅಲ್ವಾ? ತೊನ್ನು ಅಂಟುರೋಗವಲ್ಲ, ಅದಕ್ಕೆ ಈಗ ಮುಲಾಮು, ಬೆಳಕಿನ ಚಿಕಿತ್ಸೆ ಇವೆ. ಸುಡಬೇಕಾದ ಅಗತ್ಯ ಇಲ್ಲ.

ಅಕಸ್ಮಾತ್ ಬೇರಿನ ರಸ ತಗುಲಿ ಉರಿ ಶುರುವಾದರೆ ತಡಮಾಡದೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಪ್ಲಂಬಾಜಿನ್ ಬರೀ ನೀರಿಗೆ ಸುಲಭವಾಗಿ ಹೋಗುವುದಿಲ್ಲ, ಸೋಪು ಬೇಕು. ಮೇಲೆ ಎಣ್ಣೆ ಸವರಬೇಡಿ, ಅದು ಇನ್ನಷ್ಟು ಹರಡಿ ಒಳಗೆ ಇಳಿಯಬಹುದು. ರಸ ತಗುಲಿದ ಬಟ್ಟೆ ಬದಲಿಸಿ, ಆ ಕೈಯಿಂದ ಕಣ್ಣು ಮುಟ್ಟಬೇಡಿ, ಬೊಕ್ಕೆ ಒಡೆಯಬೇಡಿ. ಕಣ್ಣಿಗೆ ಬಿದ್ದರೆ, ಬೊಕ್ಕೆ ದೊಡ್ಡದಾದರೆ ಅಥವಾ ಯಾರಾದರೂ ಬೇರು ನುಂಗಿ ಹೊಟ್ಟೆ ಉರಿ, ವಾಂತಿ ಶುರುವಾದರೆ ಆಸ್ಪತ್ರೆಗೆ ಹೋಗಬೇಕು. ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೊಮ್ಮೆ ಸುಡುತ್ತದೆ. ಉಳಿದ ಬೇರಿನ ತುಂಡನ್ನು ಜೊತೆಗೆ ಒಯ್ಯಿರಿ, ಏನು ತಿಂದದ್ದು ಅಂತ ಡಾಕ್ಟರಿಗೆ ಗೊತ್ತಾಗಲಿ.

ಯಾರೂ ಬಾಯಿಬಿಟ್ಟು ಹೇಳದ ಬಳಕೆ

ಚಿತ್ರಮೂಲದ ಬಗ್ಗೆ ಬರೆಯುವ ಹೆಚ್ಚಿನವರು "ಗರ್ಭಿಣಿಯರು ಬಳಸಬಾರದು" ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಅದು ಸಾಲದು. ಭಾರತದ ನ್ಯಾಯವೈದ್ಯ ಪುಸ್ತಕಗಳಲ್ಲಿ ಈ ಗಿಡ ಬಹಳ ಹಿಂದಿನಿಂದ ಇದೆ, ಅದೂ ಕಳ್ಳತನದ ಗರ್ಭಪಾತದ ಅಧ್ಯಾಯದಲ್ಲಿ. ಬೇರನ್ನು ನುಂಗಿಸುವುದು ಒಂದು ರೀತಿ. ಕೆಂಪು ಅಥವಾ ಬಿಳಿ ಚಿತ್ರಮೂಲದ ಬೇರನ್ನೋ, ಅದರ ರಸ ಸವರಿದ ಕಡ್ಡಿಯನ್ನೋ ಗರ್ಭಕೋಶದ ಬಾಯಿಗೆ ಇಡುವುದು ಇನ್ನೊಂದು. ಮೊಣಕಾಲಿನ ಗಟ್ಟಿ ಚರ್ಮದ ಮೇಲೆ ಬೊಕ್ಕೆ ಎಬ್ಬಿಸುವ ವಸ್ತು ಅಷ್ಟು ಮೆತ್ತನೆಯ ಜಾಗದಲ್ಲಿ ಏನು ಮಾಡುತ್ತದೆ ಅಂತ ವಿವರಿಸಬೇಕಾಗಿಲ್ಲ. ರಕ್ತಸ್ರಾವ, ನಂಜು, ಸಾವು. ಬದುಕಿ ಉಳಿದವರಿಗೂ ಮುಂದೆ ಮಕ್ಕಳಾಗದಿರಬಹುದು. ಇಲಿಗಳ ಮೇಲಿನ ಪ್ರಯೋಗಗಳಲ್ಲೂ ಬೇರಿನ ಸಾರ ಗರ್ಭ ನಿಲ್ಲದಂತೆ ಮಾಡುವುದು ಕಂಡುಬಂದಿದೆ, ಹಾಗಾಗಿ ಗರ್ಭಿಣಿಯರಿಗಷ್ಟೇ ಅಲ್ಲ, ಮಗುವಿಗಾಗಿ ಕಾಯುತ್ತಿರುವವರಿಗೂ ಇದು ಬೇಡ.

ಯಾರಾದರೂ ಅಕ್ಕ ತಂಗಿಯರು ಇದನ್ನು ಓದುತ್ತಿದ್ದರೆ ಒಂದು ವಿಷಯ ತಿಳಿದಿರಲಿ. 1971ರ ಕಾನೂನಿನ ಪ್ರಕಾರ ಗರ್ಭಪಾತ ನಮ್ಮ ದೇಶದಲ್ಲಿ ಕಾನೂನುಬದ್ಧ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ನೋಂದಾಯಿತ ಡಾಕ್ಟರ ಅಭಿಪ್ರಾಯ ಸಾಕು, ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೆ ಇಬ್ಬರು ಡಾಕ್ಟರ ಅಭಿಪ್ರಾಯದ ಮೇಲೆ ಅವಕಾಶ ಇದೆ. ವಯಸ್ಕ ಮಹಿಳೆಯ ಒಪ್ಪಿಗೆ ಒಂದೇ ಬೇಕು, ಗಂಡನ ಸಹಿ ಕಾನೂನು ಕೇಳುವುದಿಲ್ಲ. ಹೆಸರನ್ನು ಗುಟ್ಟಾಗಿಡುವುದೂ ಡಾಕ್ಟರ ಹೊಣೆ. ಬೇರಿನ ಕಡ್ಡಿಗೆ ಯಾರೂ ಜೀವ ಕೊಡಬೇಕಾಗಿಲ್ಲ.

ಲ್ಯಾಬಿನ ಸುದ್ದಿ, ಮನೆಯ ಗಿಡ

"ಚಿತ್ರಮೂಲದಿಂದ ಕ್ಯಾನ್ಸರ್ ಗುಣ" ಅಂತಲೂ ಸುದ್ದಿ ಹರಿದಾಡುತ್ತದೆ. ಪ್ಲಂಬಾಜಿನ್ ಮೇಲೆ ಕ್ಯಾನ್ಸರ್ ಸಂಶೋಧನೆ ನಡೆಯುತ್ತಿರುವುದು ನಿಜ, ಜೀವಕೋಶಗಳ ಮೇಲೆ, ಇಲಿಗಳ ಮೇಲೆ ಗೆಡ್ಡೆ ಕುಗ್ಗಿದ್ದೂ ನಿಜ. ಜೀವಕೋಶ ಕೊಲ್ಲುವ ವಸ್ತು ಕ್ಯಾನ್ಸರಿನ ಜೀವಕೋಶವನ್ನೂ ಕೊಲ್ಲುವುದರಲ್ಲಿ ಆಶ್ಚರ್ಯ ಏನಿದೆ? ಕಷ್ಟ ಇರುವುದು ಅದನ್ನು ಮಾತ್ರ ಕೊಂದು ಉಳಿದದ್ದನ್ನು ಬಿಡುವಂತೆ ಮಾಡುವುದರಲ್ಲಿ. ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದ, ಆ ದಾರಿಯಲ್ಲಿ ಬಿದ್ದುಹೋದ ವಸ್ತುಗಳೇ ಜಾಸ್ತಿ.

ಇಂಥದ್ದನ್ನು ಕೇಳಿ ತಿಳಿದುಕೊಳ್ಳಲು ಬೆಳಗಾವಿಯವರಿಗೆ ಬೇರೆ ಊರಿನವರಿಗಿಲ್ಲದ ಅನುಕೂಲ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ ಇರುವುದು ಇದೇ ಊರಿನ ನೆಹರೂ ನಗರದಲ್ಲಿ, ನಾಟಿ ಔಷಧಗಳನ್ನು ಪರೀಕ್ಷೆಗೆ ಒಡ್ಡುವುದೇ ಅದರ ಕೆಲಸ. ಶಹಾಪುರದಲ್ಲಿ ಕೆಎಲ್‌ಇ ಸಂಸ್ಥೆಯ ಆಯುರ್ವೇದ ಕಾಲೇಜಿದೆ, ಆಸ್ಪತ್ರೆಯೂ ಇದೆ. ಚಿತ್ರಮೂಲ ಇರುವ ಔಷಧ ತೆಗೆದುಕೊಳ್ಳಬೇಕು ಅನ್ನಿಸಿದರೆ ಸಂತೆಯ ಬೇರಿಗಿಂತ ಓದಿದ ವೈದ್ಯರು ಬರೆದುಕೊಟ್ಟ ಗುಳಿಗೆ ಮೇಲು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಹೊಟ್ಟೆಹುಣ್ಣು ಇರುವವರು, ಹಾಲುಣಿಸುವ ತಾಯಂದಿರು ಅದನ್ನು ಮೊದಲೇ ಹೇಳಿಬಿಡಿ.

ಇನ್ನು ಗಿಡದ ಕಡೆಯಿಂದ ನೋಡಿದರೆ, ಬೇರೇ ಔಷಧವಾದ್ದರಿಂದ ಪ್ರತಿ ಬೇರಿಗೂ ಒಂದು ಗಿಡ ಹೋಗುತ್ತದೆ. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ, ಬೇರು ಕಿತ್ತರೆ ಮುಗಿಯಿತು. ಭೀಮಗಡದಂಥ ವನ್ಯಧಾಮದೊಳಗಿನಿಂದ ಗಿಡ ಕೀಳುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧವೂ ಹೌದು. ಕೀಳುವ ಅಗತ್ಯವೂ ಇಲ್ಲ, ಯಾಕೆಂದರೆ ಇದು ಬೆಳೆಸಲು ಬಹಳ ಸುಲಭದ ಗಿಡ. ಸ್ವಲ್ಪ ಬಲಿತ ಟೊಂಗೆಯಿಂದ ಮೂರು ಗಿಣ್ಣು ಇರುವ ತುಂಡು ಕತ್ತರಿಸಿ, ನೆರಳಲ್ಲಿ ಹದವಾಗಿ ನೀರು ಕೊಟ್ಟರೆ ಬೇರು ಬಿಡುತ್ತದೆ. ನೀರು ನಿಲ್ಲದ ಮಣ್ಣಿರಲಿ. ಎರೆ ಹೊಲದ ಮಣ್ಣಾದರೆ ಮರಳು, ಗೊಬ್ಬರ ಸೇರಿಸಿ ಸಡಿಲ ಮಾಡಿ. ವಿಜಯಪುರದ ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ತಾಗದ ಕಡೆ ಇಟ್ಟು ನೀರು ತಪ್ಪಿಸದಿದ್ದರೆ ಹಸಿರಾಗಿ ಉಳಿಯುತ್ತದೆ. ಹೂವಿಗೆ, ಚಿಟ್ಟೆಗೆ ಬೆಳೆಸುವವರು ಬೇರಿನ ತಂಟೆಗೆ ಹೋಗಬೇಕಿಲ್ಲ. ಮಾರಾಟಕ್ಕೆ ಬೆಳೆಯುವ ರೈತರು ಸಾಮಾನ್ಯವಾಗಿ ವರ್ಷ, ಒಂದೂವರೆ ವರ್ಷದ ಮೇಲೆ ಬೇರು ಅಗೆಯುತ್ತಾರೆ. ಅಗೆಯುವವರಿಗೆ ರಬ್ಬರ್ ಕೈಗವಸು ಕೊಡಿ, ಮಕ್ಕಳನ್ನು ದೂರ ಇಡಿ, ಬೇರು ತೊಳೆದ ನೀರನ್ನು ದನ ಕುಡಿಯುವ ತೊಟ್ಟಿಯ ಹತ್ತಿರ ಚೆಲ್ಲಬೇಡಿ.